ಬಿಳಿ ಮಾಡಿ ಅನ್ನುವವರು ನೀವು, ಬೈಸಿಕೊಳ್ಳುವವರು ನಾವು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಓದುಗರ ಅಂಕಣದಲ್ಲಿ ಮೊನ್ನೆ ಹಿರಿಯರೊಬ್ಬರು ಬರೆದಿದ್ದರು. ಕೊಡಗಿನ ಪೇಟೆಗಳಲ್ಲಿ ಈಗ ದಿನಸಿ ಅಂಗಡಿಗಿಂತ ಬ್ಯೂಟಿ ಪಾರ್ಲರೇ ಜಾಸ್ತಿ, ಹೆಣ್ಣುಮಕ್ಕಳು ದುಡ್ಡು ಕೊಟ್ಟು ಮುಖ ಹಾಳು ಮಾಡಿಸಿಕೊಳ್ಳುತ್ತಿದ್ದಾರೆ, ನಮ್ಮ ಅವ್ವಂದಿರಿಗೆ ಕಡಲೆಹಿಟ್ಟು ಅರಿಶಿನ ಸಾಕಾಗಿತ್ತಲ್ಲ ಅಂತ. ನಾನು ಗೋಣಿಕೊಪ್ಪದಲ್ಲಿ ಎರಡು ಕುರ್ಚಿಯ ಪಾರ್ಲರ್ ನಡೆಸುವವಳು. ಓದಿ ಸುಮ್ನೆ ಇರೋಣ ಅಂದುಕೊಂಡೆ, ಆಗಲಿಲ್ಲ.

ಮುಖ ಹಾಳಾಗುತ್ತಿರುವುದು ನಿಜ. ಅದನ್ನು ನನಗಿಂತ ಹತ್ತಿರದಿಂದ ಆ ಹಿರಿಯರು ನೋಡಿರಲಾರರು. ಆದರೆ ಹಾಳು ಮಾಡುತ್ತಿರುವುದು ಏನು, ಅದು ಎಲ್ಲಿಂದ ಬರುತ್ತಿದೆ, ಯಾರು ತರಿಸುತ್ತಿದ್ದಾರೆ ಅಂತ ಕೇಳದೆ ಪಾರ್ಲರಿನ ಬೋರ್ಡು ನೋಡಿ ಬೈದರೆ ಹೇಗೆ?

ಮೊದಲು ಇಲ್ಲಿಗೆ ಬರುವವರು ಯಾರು ಅಂತ ಹೇಳುತ್ತೇನೆ. ಸಂತೆ ದಿನ ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲು ಮನೆಗಳಿಂದ, ಬರುವ ಹೆಂಗಸರು ಚೀಲವನ್ನು ಬಾಗಿಲ ಪಕ್ಕ ಇಟ್ಟು ಐಬ್ರೋ ಮಾಡಿಸಿಕೊಂಡು ಹೋಗುತ್ತಾರೆ. ಕಾಫಿ ಕೊಯ್ಲಿನ ಸಮಯದಲ್ಲಿ ಅವರ ಬೆರಳೆಲ್ಲ ಕರೆ ಹಿಡಿದಿರುತ್ತದೆ. ಅಂಗನವಾಡಿ ಟೀಚರ್ ಬರುತ್ತಾರೆ, ಬ್ಯಾಂಕಿನವರು, ಹೋಂಸ್ಟೇ ನಡೆಸುವವರು, ಕಾಲೇಜು ಹುಡುಗಿಯರು ಬರುತ್ತಾರೆ. ಮಗಳ ಮದುವೆಗೆ ಮೊದಲ ಸಲ ಪಾರ್ಲರ್ ಮೆಟ್ಟಿಲು ಹತ್ತುವ ಅಮ್ಮಂದಿರೂ ಉಂಟು, ಅವರಿಗೆ ಕುರ್ಚಿಯಲ್ಲಿ ಕೂರಲೇ ನಾಚಿಕೆ. ಇವರೆಲ್ಲ ಸಿನಿಮಾ ಸೇರುವ ಕನಸು ಕಂಡು ಬಂದವರಲ್ಲ. ಹುಬ್ಬು ತೆಗೆಸಿ, ತಲೆಗೆ ಎಣ್ಣೆ ಹಾಕಿಸಿ, ಒಂದು ಗಳಿಗೆ ಯಾರಿಗೂ ಅಡುಗೆ ಮಾಡದೆ ಕೂತು ಎದ್ದು ಹೋಗುತ್ತಾರೆ. ಅದು ತಪ್ಪು ಅಂತ ನನಗೆ ಅನ್ನಿಸಿಲ್ಲ.

ಪಾರ್ಲರಿನಲ್ಲಿ ಏನಾಗುತ್ತದೆ ಅನ್ನುವುದನ್ನೂ ಬಿಡಿಸಿ ಹೇಳಿಬಿಡುತ್ತೇನೆ, ನಮ್ಮ ಕಸುಬಿನವರು ಕೆಲವರಿಗೆ ಕೋಪ ಬಂದರೂ ಪರವಾಗಿಲ್ಲ. ಬ್ಲೀಚ್ ಹಾಕಿದರೆ ಚರ್ಮ ಬಿಳಿಯಾಗುವುದಿಲ್ಲ. ಅದರಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಮುಖದ ಮೇಲಿನ ಸಣ್ಣ ಕೂದಲಿನ ಬಣ್ಣ ತೆಗೆಯುತ್ತದೆ, ಅದಕ್ಕೆ ಮುಖ ತಿಳಿಯಾದ ಹಾಗೆ ಕಾಣುತ್ತದೆ. ಫೇಶಿಯಲ್‌ನಲ್ಲಿ ತಿಕ್ಕಿ ತೀಡಿ ಮಸಾಜ್ ಮಾಡಿದಾಗ ರಕ್ತ ಓಡಾಡಿ ಮುಖಕ್ಕೆ ಕಳೆ ಬರುತ್ತದೆ, ಒಂದೆರಡು ದಿನ ಇರುತ್ತದೆ, ಹೋಗುತ್ತದೆ. ಗೋಲ್ಡ್ ಫೇಶಿಯಲ್ ಆದರೂ ಅಷ್ಟೇ, ಡೈಮಂಡ್ ಆದರೂ ಅಷ್ಟೇ. ಹುಟ್ಟಿದ ಬಣ್ಣವನ್ನು ಬದಲಾಯಿಸುವ ಕೆಲಸ ಯಾವ ಪಾರ್ಲರಿನಲ್ಲೂ ಇಲ್ಲ. ಇದನ್ನು ಹೇಳಿದರೆ ಗಿರಾಕಿ ಪಕ್ಕದ ಪಾರ್ಲರಿಗೆ ಹೋಗುತ್ತಾರೆ, ಅಲ್ಲಿ "ಮಾಡಿಕೊಡ್ತೀವಿ" ಅಂತ ಹೇಳುವವರು ಸಿಗುತ್ತಾರೆ. ಇದೇ ನಮ್ಮ ಕಷ್ಟ.

ಇನ್ನು ಆ ಹಿರಿಯರ ಮನೆಮದ್ದು. ಕಡಲೆಹಿಟ್ಟು ಒಳ್ಳೆಯದೇ, ನಾನೂ ಹಚ್ಚುತ್ತೇನೆ. ಆದರೆ ಮನೆಯದ್ದೆಲ್ಲ ಒಳ್ಳೆಯದು ಅಂತ ನಿಂಬೆರಸ ಹಚ್ಚಿಕೊಂಡು ತೋಟದ ಬಿಸಿಲಿಗೆ ಇಳಿದವರ ಮುಖದಲ್ಲಿ ಸುಟ್ಟ ಹಾಗೆ ಕಂದು ಮಚ್ಚೆ ಬಿದ್ದಿರುವುದನ್ನು ನೋಡಿದ್ದೇನೆ. ನಿಂಬೆರಸಕ್ಕೂ ಬಿಸಿಲಿಗೂ ಆಗಿಬರುವುದಿಲ್ಲ. ಅದಕ್ಕೆ ಪಾರ್ಲರೇ ಬೇಕಾಗಿಲ್ಲ.

ಈಗ ನಿಜವಾಗಿ ಮುಖ ಕೆಡಿಸುವ ವಿಷಯಕ್ಕೆ ಬರುತ್ತೇನೆ.

ಮೊದಲನೆಯದು ಮೆಡಿಕಲ್ ಶಾಪಿನಲ್ಲಿ ಸಿಗುವ ಸಣ್ಣ ಟ್ಯೂಬು. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಇವು ಸ್ಟೀರಾಯ್ಡ್. ಎಕ್ಸಿಮಾ ಇಂಥ ಚರ್ಮದ ಕಾಯಿಲೆಗೆ ಡಾಕ್ಟರ್ ಇಷ್ಟೇ ದಿನ ಅಂತ ಲೆಕ್ಕ ಹಾಕಿ ಕೊಡುವ ಔಷಧ. ಕೆಲವು ಟ್ಯೂಬಿನಲ್ಲಿ ಇದರ ಜೊತೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಕೂಡ ಸೇರಿಸಿರುತ್ತಾರೆ, ಅದು ಮುಖದ ಬಂಗಿನ ಚಿಕಿತ್ಸೆಗೆ. ನಮ್ಮ ಹುಡುಗಿಯರು ಇದನ್ನು ದಿನಾ ರಾತ್ರಿ ಸ್ನೋ ಹಚ್ಚಿದ ಹಾಗೆ ಹಚ್ಚುತ್ತಾರೆ. ಮೊದಲ ಕೆಲವು ವಾರ ಮುಖ ಫಳಫಳ. ಅಕ್ಕಪಕ್ಕದವರು "ಏನು ಹಚ್ತೀಯಾ?" ಅಂತ ಕೇಳುತ್ತಾರೆ, ಅವರೂ ತರಿಸುತ್ತಾರೆ. ಆಮೇಲೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗುತ್ತದೆ, ಕೆನ್ನೆಯಲ್ಲಿ ಕೆಂಪು ನರ ಎದ್ದು ಕಾಣುತ್ತದೆ, ಮೊಡವೆ ಏಳುತ್ತದೆ, ಗಲ್ಲದಲ್ಲಿ ಕೂದಲು ಬರುತ್ತದೆ, ಬಿಸಿಲಿಗೆ ಹೋದರೆ ಉರಿ. ನಿಲ್ಲಿಸಿದರೆ ಇನ್ನೂ ಜಾಸ್ತಿ ಕೆಂಪಾಗಿ ಊದಿಕೊಳ್ಳುವುದರಿಂದ ಹೆದರಿ ಮತ್ತೆ ಅದೇ ಟ್ಯೂಬು ಹಿಡಿಯುತ್ತಾರೆ. 2018ರಲ್ಲೇ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಚೀಟಿ ತೋರಿಸದೆಯೇ ತಂದೆ ಅಂತ ನನ್ನ ಗಿರಾಕಿಗಳು ಹೇಳುತ್ತಲೇ ಇದ್ದಾರೆ. ಕೆಂಪು ಮುಖ ಹೊತ್ತು ಇವರು ಮೊದಲು ಬರುವುದು ಡಾಕ್ಟರ ಹತ್ತಿರ ಅಲ್ಲ, ನನ್ನ ಹತ್ತಿರ. "ಅಕ್ಕ, ಒಂದು ಫೇಶಿಯಲ್ ಮಾಡಿ ಸರಿ ಮಾಡಿ" ಅಂತ. ಆ ಚರ್ಮದ ಮೇಲೆ ಫೇಶಿಯಲ್ ಮಾಡಿದರೆ ಸುಲಿದೇ ಹೋಗುತ್ತದೆ. ನಾನು ಕೈ ಹಚ್ಚದೆ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ. ಅವರಲ್ಲಿ ಎಷ್ಟು ಜನ ನಿಜವಾಗಿ ಹೋಗುತ್ತಾರೋ ದೇವರಿಗೇ ಗೊತ್ತು.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ಗಲ್ಫಿನಿಂದ ಬಂದದ್ದು, ವಾಟ್ಸಾಪಿನಲ್ಲಿ ತರಿಸಿದ್ದು ಅಂತ ಡಬ್ಬಿಗಳು ಬರುತ್ತವೆ. ಮಾಕುಟ್ಟ, ಕುಟ್ಟ ದಾಟಿದರೆ ಕೇರಳ. ಬಟ್ಟೆಗೆ, ಒಡವೆಗೆ ಅಂತ ಇರಿಟ್ಟಿ, ಮಾನಂದವಾಡಿಗೆ ಹೋಗಿ ಬರುವುದು ನಮಗೆ ಹೊಸದಲ್ಲ. ಡಬ್ಬಿಯ ಮೇಲೆ ಮಾಡಿದವರ ವಿಳಾಸವಿಲ್ಲ, ಬ್ಯಾಚ್ ನಂಬರ್ ಇಲ್ಲ, ತರಿಸಿದ ಕಂಪನಿಯ ಹೆಸರಿಲ್ಲ. ಇಂಥದ್ದರಲ್ಲಿ ಪಾದರಸ ಇರಬಹುದು. ಪಾದರಸ ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನೇ ತಡೆಯುತ್ತದೆ, ಅದಕ್ಕೇ ಬೇಗ ಬಿಳಿ. ಆದರೆ ಅದು ಚರ್ಮದಲ್ಲೇ ನಿಲ್ಲುವುದಿಲ್ಲ, ಒಳಗೆ ಹೋಗಿ ಕಿಡ್ನಿಗೆ ಕೂರುತ್ತದೆ. 2023ರಲ್ಲಿ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ಕಿಡ್ನಿ ಡಾಕ್ಟರುಗಳು ಇದನ್ನೇ ಪತ್ತೆ ಮಾಡಿದ್ದು. ಮೂತ್ರದಲ್ಲಿ ಪ್ರೋಟೀನ್ ಸೋರಿ ಹೋಗುವ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಾಯಿಲೆ ಹೊತ್ತು ಬಂದವರನ್ನು ವಿಚಾರಿಸಿದರೆ ಹಲವರು ಬಿಳಿ ಮಾಡುವ ಕ್ರೀಮ್ ಹಚ್ಚುತ್ತಿದ್ದವರು. ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಅಂತ ಅಂಗಡಿಗಳ ಮೇಲೆ ದಾಳಿ ಮಾಡಿತು. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಮುಖದ ಕ್ರೀಮಿಗೆ ಪಾದರಸ ಬೆರೆಸುವ ಹಾಗಿಲ್ಲ, ತಾನಾಗಿ ಸೇರಿದ್ದೂ ಹತ್ತು ಲಕ್ಷಕ್ಕೆ ಒಂದು ಪಾಲು ಮೀರಬಾರದು. ಇನ್ನೊಂದು ಗುರುತು ಹೇಳುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ: ಡಬ್ಬಿಯಲ್ಲಿ "ಚಿನ್ನ, ಬೆಳ್ಳಿ ಒಡವೆಗೆ ತಾಗಿಸಬೇಡಿ" ಅಂತ ಬರೆದಿದ್ದರೆ ಕೂಡಲೇ ಅನುಮಾನ ಪಡಿ. ಪಾದರಸ ಚಿನ್ನಕ್ಕೆ ಹತ್ತಿಕೊಳ್ಳುತ್ತದೆ. ಚಿನ್ನದ ಜೋಮಾಲೆ ಸರಕ್ಕೆ ಆಗದ ಕ್ರೀಮು ಮಗಳ ಕೆನ್ನೆಗೆ ಆಗುತ್ತದಾ? ಹಚ್ಚಿದವರಿಗೆ ಮಾತ್ರ ಅಲ್ಲ, ಅವರ ಟವೆಲ್, ದಿಂಬು ಮುಟ್ಟುವ ಮನೆಯ ಮಕ್ಕಳಿಗೂ ಅಪಾಯ.

ಈ ಟ್ಯೂಬು, ಡಬ್ಬಿಗಳನ್ನು ಮಾರುವ ಪಾರ್ಲರ್‌ಗಳೂ ಇವೆ. ಇಲ್ಲ ಅನ್ನುವುದಿಲ್ಲ. ಅಂಥವರನ್ನು ಹಿಡಿಯಲಿ, ನನ್ನ ತಕರಾರಿಲ್ಲ. ಆದರೆ ಬೇಡಿಕೆ ಎಲ್ಲಿಂದ?

ಹೆಣ್ಣು ನೋಡುವ ಮಾತು ಬಂದಾಗ ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ ಮನೆತನದ್ದು, ಎರಡನೆಯದು ಬಣ್ಣದ್ದು. "ಹುಡುಗಿ ಒಳ್ಳೆಯವಳೇ, ಬಣ್ಣ ಸ್ವಲ್ಪ ಕಡಿಮೆ" ಅಂತ ಅವಳ ಸ್ವಂತ ಅತ್ತೆ-ಚಿಕ್ಕಮ್ಮನವರೇ ಕಾಫಿ ಕುಡಿಯುತ್ತಾ ಹೇಳುತ್ತಾರೆ. ಫೇರ್ ಅಂಡ್ ಲವ್ಲಿ ಅಂಗಡಿಗೆ ಬಂದದ್ದು 1975ರಲ್ಲಿ, 2020ರಲ್ಲಿ ಕಂಪನಿ ಅದರ ಹೆಸರನ್ನು ಗ್ಲೋ ಅಂಡ್ ಲವ್ಲಿ ಅಂತ ಬದಲಾಯಿಸಿತು. ಅಷ್ಟು ದೊಡ್ಡ ಕಂಪನಿಗೇ ಮುಜುಗರವಾಯಿತು, ನಮ್ಮ ಮನೆಯ ಜಗಲಿಯಲ್ಲಿ ಕೂತವರಿಗೆ ಇನ್ನೂ ಆಗಿಲ್ಲ.

ಕೊಡಗಿನವರಿಗೆ ಇದರ ಮೇಲೆ ಇನ್ನೊಂದು ಭಾರ ಇದೆ. "ಕೂರ್ಗ್ ಹುಡುಗಿಯರು ಅಂದ್ರೆ ಬೆಳ್ಳಗೆ, ಚೆಂದ" ಅಂತ ಹೊರಗಿನವರು ಒಂದು ಅಚ್ಚು ಮಾಡಿ ಇಟ್ಟಿದ್ದಾರೆ, ಸಿನಿಮಾಕ್ಕೆ ಹೋದ ನಾಲ್ಕಾರು ಹುಡುಗಿಯರನ್ನು ನೋಡಿ. ನಾವೂ ಅದನ್ನು ಕೇಳಿ ಒಳಗೊಳಗೇ ಹಿಗ್ಗುತ್ತೇವೆ ಅಲ್ವಾ? ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮ ಹುಡುಗಿಗೆ "ನೀನು ಕೊಡಗಿನವಳಾ? ಹಾಗೆ ಕಾಣಲ್ವಲ್ಲ" ಅಂತ ಹೇಳಿದಾಗ ಮಾತ್ರ ಅದು ಚುಚ್ಚುತ್ತದೆ. ಇಲ್ಲಿ ಕೊಡವರಿದ್ದಾರೆ, ಅರೆಭಾಷೆ ಗೌಡರಿದ್ದಾರೆ, ಯರವರು, ಜೇನು ಕುರುಬರು, ಕುಡಿಯರು ಎಂಬ ಆದಿವಾಸಿಗಳಿದ್ದಾರೆ, ಮಾಪಿಳ್ಳೆ ಮುಸ್ಲಿಮರು, ತಲೆಮಾರಿನಿಂದ ಲೈನ್ ಮನೆಯಲ್ಲಿರುವ ತಮಿಳರು, ಮಲಯಾಳಿಗಳು, ತುಳುವರು ಇದ್ದಾರೆ. ಕೊಡವರಲ್ಲೇ ಒಂದೇ ಮನೆಯ ಅಕ್ಕ-ತಂಗಿ ಬೇರೆ ಬೇರೆ ಬಣ್ಣ. ಯಾರ ಮುಖವನ್ನು ಕೊಡಗಿನ ಮುಖ ಅಂತ ಹೇಳುವುದು? ನನ್ನ ಕೈ ಕೆಳಗೆ ಕಲಿತ ಯರವರ ಹುಡುಗಿಯೊಬ್ಬಳು ಥ್ರೆಡಿಂಗ್‌ನಲ್ಲಿ ನನಗಿಂತ ಚುರುಕು. "ಅವಳು ಬೇಡ, ನೀವೇ ಮಾಡಿ" ಅಂತ ಹೇಳುವ ಗಿರಾಕಿಗಳಿಗೆ ಕಾರಣ ಕೇಳಿದರೆ ಬಾಯಿ ಬಿಡುವುದಿಲ್ಲ. ಕಾರಣ ನನಗೆ ಗೊತ್ತು, ಅವಳಿಗೂ ಗೊತ್ತು.

ಕೊಡವ ಮದುವೆ ಮೇಕಪ್ಪಿನ ಕಥೆ ಕೇಳಿ. ಕೆಂಪು ಸೀರೆ, ಹಿಂದಕ್ಕೆ ನೆರಿಗೆ, ತಲೆಗೆ ವಸ್ತ್ರ, ಕೊರಳಿಗೆ ಪತ್ತಾಕ್, ಕೊಕ್ಕೆತಾತಿ ಒಡವೆ. ಇಷ್ಟು ಹಾಕಿ ನಿಂತರೆ ಎಣ್ಣೆಗಪ್ಪು ಹುಡುಗಿಗೆ ಬರುವ ಕಳೆ ಬೇರೆ ಯಾರಿಗೂ ಬರುವುದಿಲ್ಲ, ಚಿನ್ನ ಎದ್ದು ಕಾಣುವುದೇ ಆ ಬಣ್ಣದ ಮೇಲೆ. ಆದರೆ ಅಮ್ಮ ಬಂದು ನನ್ನ ಕಿವಿಯಲ್ಲಿ "ಸ್ವಲ್ಪ ಬೆಳ್ಳಗೆ ಮಾಡಿ ಅಕ್ಕ, ಫೋಟೋದಲ್ಲಿ ಹುಡುಗನ ಪಕ್ಕ ಕಪ್ಪು ಕಾಣ್ತಾಳೆ" ಅನ್ನುತ್ತಾರೆ. ಎರಡು ಶೇಡ್ ಬಿಳಿ ಫೌಂಡೇಷನ್ ಬಳಿದರೆ ಫೋಟೋದಲ್ಲಿ ಏನೋ ಸರಿ. ಮುಹೂರ್ತದಲ್ಲಿ ಮುಕ್ಕಾಲಿ ಮೇಲೆ ಕೂತವಳ ಹತ್ತಿರ ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿ ಅನ್ನುವ ಮೂತಿ ಇರುವ ಪಾತ್ರೆಯಿಂದ ಹಾಲು ಕುಡಿಸುತ್ತಾರೆ, ಅಷ್ಟು ಹತ್ತಿರದಿಂದ ನೋಡಿದರೆ ಮುಖ ಒಂದು ಬಣ್ಣ, ಕತ್ತು ಒಂದು ಬಣ್ಣ, ಕೈ ಇನ್ನೊಂದು ಬಣ್ಣ. ಆಮೇಲೆ ಹೆಸರು ಕೆಡುವುದು ಅಮ್ಮನದ್ದಲ್ಲ, "ಯಾರು ಮೇಕಪ್ ಮಾಡಿದ್ದು?" ಅಂತ ನನ್ನದು.

ಇನ್ನು ನಮ್ಮ ಮೈಯ ಪಾಡು. ಥ್ರೆಡಿಂಗ್ ಮಾಡಿ ಮಾಡಿ ಕತ್ತು, ಭುಜ ಹಿಡಿದುಕೊಳ್ಳುತ್ತದೆ, ನಿಂತು ನಿಂತು ಕಾಲಿನ ನರ ಉಬ್ಬುತ್ತದೆ. ಹೇರ್ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಬೆರಳಿಗೆ ತಾಗಿ ಅಲರ್ಜಿ ಆಗಿ ಕಸುಬೇ ಬಿಟ್ಟವರನ್ನು ಬಲ್ಲೆ. ಮಳೆಗಾಲದಲ್ಲಿ ಕೂದಲು ಹರಡಿಕೊಳ್ಳುತ್ತದೆ ಅಂತ ಕೂದಲು ನುಣುಪು ಮಾಡುವ ಸ್ಮೂದನಿಂಗ್, ಕೆರಾಟಿನ್ ಕೇಳುವವರು ಜಾಸ್ತಿ. ಇಂಥ ಕೆಲವು ದ್ರಾವಣಗಳು ಇಸ್ತ್ರಿ ಬಿಸಿ ತಾಗಿದ ಕೂಡಲೇ ಫಾರ್ಮಾಲ್ಡಿಹೈಡ್ ಹೊಗೆ ಬಿಡುತ್ತವೆ. ಬಾಟಲಿಯಲ್ಲಿ 'ಫಾರ್ಮಾಲ್ಡಿಹೈಡ್ ಫ್ರೀ' ಅಂತ ಬರೆದಿದ್ದರೂ ಒಳಗೆ ಮೆಥಿಲೀನ್ ಗ್ಲೈಕಾಲ್ ಇದ್ದರೆ ಬಿಸಿಗೆ ಅದೇ ಆಗುವುದು. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಮೊದಲ ಗುಂಪಿನಲ್ಲೇ ಇಟ್ಟಿದೆ. ಹೊರಗೆ ಜಡಿಮಳೆ, ಇರಚಲು ಬರುತ್ತದೆ ಅಂತ ಕಿಟಕಿ ಬಾಗಿಲು ಹಾಕಿದ ಪುಟ್ಟ ಕೋಣೆ, ಒಳಗೆ ಆ ಹೊಗೆ. ಗಿರಾಕಿ ವರ್ಷಕ್ಕೊಮ್ಮೆ ಉಸಿರಾಡಿ ಹೋಗುತ್ತಾರೆ, ಕೆಲಸದ ಹುಡುಗಿ ಸೀಸನ್ ಪೂರ್ತಿ ಕಣ್ಣೀರು ಸುರಿಸುತ್ತಾ ನಿಲ್ಲುತ್ತಾಳೆ. ನಾನು ಅದನ್ನು ಮಾಡುವುದು ಬಿಟ್ಟಿದ್ದೇನೆ. ಒಳ್ಳೆಯ ಆದಾಯ ಇತ್ತು, ಸುಳ್ಳು ಯಾಕೆ ಹೇಳಲಿ.

(ನಡುವೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಪಾರ್ಲರ್ ಸೇವೆಯ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ಮರುದಿನವೇ ಗಿರಾಕಿಗಳು "ರೇಟ್ ಕಮ್ಮಿ ಮಾಡಿ" ಅಂತ ಬಂದರು. ವರ್ಷಕ್ಕೆ 20 ಲಕ್ಷದ ಒಳಗೆ ವ್ಯವಹಾರ ಮಾಡುವವರಿಗೆ ಜಿಎಸ್‌ಟಿ ನೋಂದಣಿಯೇ ಬೇಕಾಗಿಲ್ಲ, ನಾನು ಯಾವತ್ತೂ ಹಾಕಿಯೇ ಇಲ್ಲ. ಇಲ್ಲದ ತೆರಿಗೆಯನ್ನು ಎಲ್ಲಿಂದ ಇಳಿಸಲಿ?)

ಸರ್ಕಾರದ ಲೆಕ್ಕದಲ್ಲಿ ನಾವು ಎಲ್ಲಿದ್ದೇವೆ ಅಂತಲೂ ನೋಡಿ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕರಿದ್ದಾರೆ, ಟೈಲರ್‌ಗಳಿದ್ದಾರೆ, ಹೂ ಕಟ್ಟುವವರಿದ್ದಾರೆ. ಸಂತೋಷ. ಅವರಿಗೆ ತರಬೇತಿ, ಉಪಕರಣಕ್ಕೆ 15 ಸಾವಿರ, ಶೇ 5ರ ಬಡ್ಡಿಗೆ ಸಾಲ ಇದೆ. ಪಾರ್ಲರ್ ಹೆಂಗಸಿನ ಹೆಸರು ಆ ಪಟ್ಟಿಯಲ್ಲಿಲ್ಲ. ಗಂಡಸರ ತಲೆಕೂದಲು ಕತ್ತರಿಸಿದರೆ ಕುಶಲಕರ್ಮಿ, ಹೆಂಗಸರ ತಲೆಕೂದಲು ಕತ್ತರಿಸಿದರೆ ಶೋಕಿ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ಕೇಂದ್ರಗಳಲ್ಲಿ ಪಾರ್ಲರ್ ತರಬೇತಿಯನ್ನು ಉಚಿತವಾಗಿ ಕೊಡುತ್ತಾರೆ, ಅದು ನಿಜಕ್ಕೂ ಒಳ್ಳೆಯ ಕೆಲಸ, ಎಷ್ಟೋ ಹೆಣ್ಣುಮಕ್ಕಳು ಅಲ್ಲಿ ಕಲಿತು ಮನೆ ನಡೆಸುತ್ತಿದ್ದಾರೆ. ಅಲ್ಲಿ ಐಬ್ರೋ, ಮೆಹಂದಿ ಕಲಿಸುವಷ್ಟೇ ಒತ್ತು ಕೊಟ್ಟು ಲೇಬಲ್ ಓದುವುದು, ಡೈ ಹಾಕುವ ಎರಡು ದಿನ ಮೊದಲು ಕಿವಿಯ ಹಿಂದೆ ಹಚ್ಚಿ ನೋಡುವುದು, ಸ್ಟೀರಾಯ್ಡ್ ತಿಂದ ಮುಖವನ್ನು ಗುರುತಿಸಿ ಡಾಕ್ಟರ ಹತ್ತಿರ ಕಳಿಸುವುದು ಇವನ್ನೂ ಕಲಿಸಲಿ. ಹುಡುಗಿಯರ ಮುಖ ಕೆಡುವುದು ಅಪ್ಪ-ಅಮ್ಮನಿಗಿಂತ ಮೊದಲು ನಮ್ಮ ಕಣ್ಣಿಗೆ ಬೀಳುತ್ತದೆ. ನಮ್ಮನ್ನು ಬೈಯುವ ಬದಲು ಬಳಸಿಕೊಳ್ಳಿ.

ಜಿಲ್ಲಾಡಳಿತಕ್ಕೆ ನನ್ನದೊಂದು ಬೇಡಿಕೆ. ಔಷಧ ನಿಯಂತ್ರಣ ಇಲಾಖೆಯವರು ಮತ್ತು ಮೆಡಿಕಲ್ ಕಾಲೇಜಿನ ಚರ್ಮದ ಡಾಕ್ಟರುಗಳು ಸೇರಿ ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ ಹೀಗೆ ತಾಲೂಕಿಗೊಂದು ದಿನ ನಮಗಾಗಿ ಕ್ಯಾಂಪ್ ಇಡಲಿ. ಜುಲೈ-ಆಗಸ್ಟ್ ಹೊತ್ತಿಗೆ ಬರುವ ಕಕ್ಕಡ ತಿಂಗಳಲ್ಲೇ ಇಟ್ಟರೆ ಒಳ್ಳೆಯದು. ಆಗ ಮದುವೆ ಇಲ್ಲ, ಮಳೆಗೆ ಗಿರಾಕಿಯೂ ಇಲ್ಲ, ನಾವೆಲ್ಲ ಕುರ್ಚಿ ಒರೆಸಿಕೊಂಡು ಸುಮ್ನೆ ಕೂತಿರುತ್ತೇವೆ. ಊಟ, ಬಸ್ ಚಾರ್ಜು ಏನೂ ಬೇಡ. ಗಿರಾಕಿಗಳು ತಂದು ತೋರಿಸುವ ಟ್ಯೂಬು, ಡಬ್ಬಿಗಳನ್ನು ನಾವೇ ಚೀಲದಲ್ಲಿ ತುಂಬಿಕೊಂಡು ಬರುತ್ತೇವೆ, ಯಾವುದರಲ್ಲಿ ಏನಿದೆ ಅಂತ ಪರೀಕ್ಷೆ ಮಾಡಿಸಿ ಹೇಳಿದರೆ ಸಾಕು. ಪತ್ರ ಬರೆದ ಹಿರಿಯರೂ ಬರಬಹುದು.

ಇತಿ,
ಪಾರ್ಲರ್ ನಡೆಸುವ ನಿಮ್ಮ ಓದುಗಾರ್ತಿ
ಗೋಣಿಕೊಪ್ಪ, ದಕ್ಷಿಣ ಕೊಡಗು