ಆ ಎಂಟು ಬಾರ್‌ಗಳ ಬಗ್ಗೆ

ಹಾಸನ
ಭಾನುವಾರ, ಬೆಳಗಿನ ಜಾವ

ಪುಟ್ಟೀ,

ಆಶೀರ್ವಾದ. ನಿನ್ನ ಕಾಗದ ಮೊನ್ನೆ ಬಂತು. ಮನೆ ಸುದ್ದಿಯನ್ನೆಲ್ಲ ನಿಮ್ಮಮ್ಮ ದಿನಾ ಫೋನಿನಲ್ಲಿ ಹೇಳುತ್ತಾಳೆ, ಅದನ್ನು ಮತ್ತೆ ಬರೆಯಲ್ಲ. ಆರು ಪುಟ ಬರೆದಿದ್ದೀಯ. ಹಿಮದ ಬಗ್ಗೆಯೇ ಒಂದೂವರೆ ಪುಟ. ಎಲ್ಲ ಖುಷಿಯಾಗಿ ಓದುತ್ತಾ ಬಂದೆ. ನಾಲ್ಕನೇ ಪುಟದ ಕೆಳಗೆ ಒಂದು ಮಾತಿತ್ತು. ನಾಲ್ವರ ಪ್ರಾಕ್ಟೀಸಿನಲ್ಲಿ ಎಂಟು ಬಾರ್ ವಯೋಲಾದ ಕಮಾನನ್ನು ತಂತಿಗೆ ತಾಗಿಸದೆ ಸುಮ್ನೆ ಆಡಿಸಿದೆ, ಉಳಿದ ಮೂವರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ, ಆಮೇಲೆ ರೆಕಾರ್ಡಿಂಗ್ ಕೇಳಿದರೆ ನನಗೇ ಗೊತ್ತಾಗಲಿಲ್ಲ ಅಂತ. ಪಕ್ಕದಲ್ಲಿ ಒಂದು ನಗುಮುಖ ಬೇರೆ ಬರೆದಿದ್ದೀಯ.

ಆ ನಗುಮುಖ ನೋಡಿದ ಮೇಲೆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಮೊದಲಿಗೆ ಎಂಟು ಬಾರ್ ಅಂದರೇನು ಅಂತಲೇ ತಿಳಿಯಲಿಲ್ಲ. ನಮ್ಮ ಬಿ.ಎಂ. ರಸ್ತೆಯಲ್ಲಿರುವಂಥವೇ ನೆನಪಾದವು. ಇದನ್ನು ನಿಮ್ಮಪ್ಪನಿಗೆ ಹೇಳಬೇಡ. ಆಮೇಲೆ ಎದುರುಮನೆ ಹುಡುಗ ಫೋನಿನಲ್ಲಿ ತೋರಿಸಿದ. ನಮ್ಮ ತಾಳದ ಆವರ್ತದ ಹಾಗೆ ಅದೊಂದು ಲೆಕ್ಕ. ಎಂಟು ಬಾರ್ ಅಂದರೆ ಜಾಸ್ತಿ ಹೊತ್ತೇನಲ್ಲ, ನೀನು ನುಡಿಸುವ ವೇಗದಲ್ಲಿ ಅರ್ಧ ನಿಮಿಷವೂ ಆಗಲಿಕ್ಕಿಲ್ಲ. ಇಷ್ಟಕ್ಕೆ ಈ ಮುದುಕನಿಗೆ ಯಾಕೆ ನಿದ್ದೆ ಹೋಯಿತು ಅಂತ ನೀನು ಕೇಳಬಹುದು.

ನೀವು ನಾಲ್ವರು ನುಡಿಸುತ್ತಿರುವ ಹೇಡನ್‌ನ ಆ ಎಂಪರರ್ ಕ್ವಾರ್ಟೆಟ್ಟನ್ನು ಅದೇ ಹುಡುಗ ಹಾಕಿಕೊಟ್ಟ. ಎರಡು ಪಿಟೀಲು, ಪಿಟೀಲಿನಂಥದ್ದೇ ಆದರೆ ದನಿ ಕೊಂಚ ತಗ್ಗಿನ ನಿನ್ನ ವಯೋಲಾ, ಒಂದು ದೊಡ್ಡ ಸೆಲ್ಲೋ, ಅಷ್ಟೇ. ಕಿವಿಗೆ ವೈರು ಸಿಕ್ಕಿಸಿಕೊಂಡು ಐದು ಸಲ ಕೇಳಿದೆ. ಮೊದಲ ಎರಡು ಸಲ ಮೇಲಿನ ಪಿಟೀಲು ಬಿಟ್ಟು ನನಗೆ ಏನೂ ಕೇಳಿಸಲಿಲ್ಲ. ಸುಳ್ಳು ಹೇಳಲ್ಲ, ನಿನ್ನ ಮಾತು ನಿಜ ಇರಬಹುದು ಅಂತಲೇ ಅನ್ನಿಸಿತು. ಮೂರನೇ ಸಲ ಕಣ್ಣು ಮುಚ್ಚಿ ಬರೀ ವಯೋಲಾ ಹುಡುಕಿದೆ. ಸಂತೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ಹುಡುಕಿದ ಹಾಗೆ.

ಎರಡನೆಯ ಭಾಗದಲ್ಲಿ ಸಿಕ್ಕಿತು. ಎಂಥಾ ಚೆಂದ ಅದು! ನಮ್ಮಲ್ಲಿ ಒಂದೇ ಸಾಲಿಗೆ ಬಗೆಬಗೆಯ ಸಂಗತಿ ಹಾಕುತ್ತಾ ಹೋದಂತೆ ಪಲ್ಲವಿಯೇ ಬೆಳೆಯುತ್ತದೆ. ಅಲ್ಲಿ ರಾಗದ ಎಳೆ ಹಾಗೇ ಇರುತ್ತದೆ, ಸುತ್ತಲಿನದು ಬದಲಾಗುತ್ತದೆ. ಮೊದಲು ಮೇಲಿನ ಪಿಟೀಲು ಹೇಳುತ್ತದೆ. ಆಮೇಲೆ ಎರಡನೇ ಪಿಟೀಲು, ಆಮೇಲೆ ಸೆಲ್ಲೋ, ಅದಾದ ಮೇಲೆ ನಿನ್ನ ವಯೋಲಾ. ಕೊನೆಗೆ ಮತ್ತೆ ಮೇಲಿನವನ ಕೈಗೆ. ಅದರಲ್ಲೂ ಎರಡನೇ ಪಿಟೀಲು ಹೇಳುವಾಗ ಜೊತೆಗೆ ಮೊದಲ ಪಿಟೀಲು ಮಾತ್ರ, ನೀನೂ ಸೆಲ್ಲೋ ಹುಡುಗನೂ ಪೂರ್ತಿ ಸುಮ್ಮನೆ. ಕಮಾನು ಕೆಳಗಿಟ್ಟು ಕೂರಬೇಕು. ಆ ಸುಮ್ಮನಿರುವುದನ್ನು ಹೇಡನ್ನೇ 1797ರಲ್ಲಿ ಬರೆದಿಟ್ಟಿದ್ದಾನೆ. ಅಲ್ಲಿ ನೀನು ಸುಮ್ಮನಿದ್ದರೆ ಅದೂ ನುಡಿಸಿದ ಹಾಗೆಯೇ. ನೀನು ಮೊನ್ನೆ ಸುಮ್ಮನಿದ್ದದ್ದು ಬೇರೆ. ಕೈ ಆಡುತ್ತಿತ್ತು, ಸದ್ದಿರಲಿಲ್ಲ.

ನಾನೂ ಇದನ್ನು ಮಾಡಿದ್ದೇನೆ ಮಗಳೇ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬೆರಳು ನೋವು ಬಂದು ದೊಡ್ಡಪ್ಪ ಪಿಟೀಲು ಬಿಟ್ಟ ಅಂತ ನೀವೆಲ್ಲ ಅಂದುಕೊಂಡಿದ್ದೀರಿ. ಬೆರಳು ಚೆನ್ನಾಗಿಯೇ ಇತ್ತು.

1981. ಆಗ ನಾನು ಕಾಫಿ ಕ್ಯೂರಿಂಗ್‌ನಲ್ಲಿ ಗುಮಾಸ್ತ. ಹಗಲು ಆ ಕಚೇರಿ, ರಾತ್ರಿ ಈ ಕಛೇರಿ ಅಂತ ಎಲ್ಲರೂ ತಮಾಷೆ ಮಾಡುತ್ತಿದ್ದರು. ರಾಮನವಮಿ ಬಂದರೆ ಸುತ್ತಲಿನ ಊರುಗಳಿಂದ ಪಕ್ಕವಾದ್ಯಕ್ಕೆ ಕರೆ ಬರುತ್ತಿತ್ತು. ಆ ವರ್ಷ ಒಂದು ಊರಿನ ಚಪ್ಪರದಲ್ಲಿ ನನ್ನ ಮುಂದಿನ ಮೈಕು ಸತ್ತಿತ್ತು. ಮೈಕಿನವನಿಗೆ ಎರಡು ಸಲ ಸನ್ನೆ ಮಾಡಿದೆ. ಅವನು ಪಾನಕದ ಹತ್ತಿರ ನಿಂತಿದ್ದ. ಹಾಡುವವರಿಗೆ ಅದರ ಪರಿವೆಯೇ ಇರಲಿಲ್ಲ, ಆಲಾಪನೆಯಲ್ಲಿ ನನಗೆ ಸರದಿಯನ್ನೂ ಕೊಟ್ಟಿರಲಿಲ್ಲ. ಆಮೇಲೆ ತೋಡಿ ರಾಗದಲ್ಲಿ ಒಂದು ದೊಡ್ಡ ಕೃತಿ. ಅದರ ಚರಣದಲ್ಲಿ ಒಂದು ಕಡೆ ನನ್ನ ಬೆರಳು ಯಾವಾಗಲೂ ಎಡವುತ್ತಿತ್ತು. ಹೇಗೂ ಕೇಳಿಸಲ್ಲವಲ್ಲ ಅಂತ ಕಮಾನನ್ನು ಒಂದು ಕೂದಲೆಳೆಯಷ್ಟು ಮೇಲೆತ್ತಿದೆ. ತಲೆ ಆಡಿಸಿದೆ. ಮುಖದಲ್ಲಿ ಭಾವ ಬೇರೆ ತಂದುಕೊಂಡೆ. ಚಪ್ಪಾಳೆ ಎಂದಿನಂತೆ ಬಿತ್ತು. ತೆಂಗಿನಕಾಯಿ, ಹಣ್ಣು, ಕವರು ಎಲ್ಲ ಕೊಟ್ಟರು.

ಅವತ್ತು ನನಗೆ ಬೇಜಾರಾಗಲಿಲ್ಲ. ಹಾಯೆನಿಸಿತು, ಚೆನ್ನಾಗಿ ನಿದ್ದೆ ಬಂತು. ನಿನ್ನ ನಗುಮುಖ ನೋಡಿದಾಗ ನನಗೆ ನೆನಪಾದದ್ದು ಆ ಹಾಯೆನಿಸಿದ್ದೇ.

ಮುಂದಿನ ಸಲ ಮೈಕು ಚೆನ್ನಾಗಿಯೇ ಇತ್ತು. ಆದರೂ ಕಷ್ಟದ ಜಾಗ ಬಂದಾಗ ಕಮಾನು ತಾನೇ ಹಗುರವಾಯಿತು. ಆಮೇಲೆ ಅಷ್ಟೇನೂ ಕಷ್ಟವಲ್ಲದ ಜಾಗದಲ್ಲೂ. ಸಾಧನೆ ಮಾಡಬೇಕು ಅನ್ನಿಸುವುದೇ ನಿಂತುಹೋಯಿತು. ಹೇಗಾದರೂ ದಾಟಬಹುದು ಅಂತ ಗೊತ್ತಾದ ಮೇಲೆ ಬೆಳಿಗ್ಗೆ ನಾಲ್ಕಕ್ಕೆ ಯಾರು ಏಳುತ್ತಾರೆ ಹೇಳು.

ನಿನ್ನ ಎಂಟು ಬಾರ್ ಹೀಗೆ ಬೆಳೆಯುತ್ತವೆ ಅಂತ ನಾನು ಹೇಳುತ್ತಿಲ್ಲ. ನೀನು ನನಗಿಂತ ಬುದ್ಧಿವಂತೆ. ಆದರೂ ಭಯ ಹೋಗುತ್ತಿಲ್ಲ.

ಆ ಚಪ್ಪರದಲ್ಲಿ ಒಬ್ಬರಿಗೆ ಗೊತ್ತಾಗಿತ್ತು. ಮೃದಂಗದವರು. ಅರಕಲಗೂಡಿನ ಕಡೆಯ ಹಿರಿಯರು, ಮಾತು ಕಡಿಮೆ. ಆ ರಾತ್ರಿ ಅವರು ಏನೂ ಅನ್ನಲಿಲ್ಲ. ಎರಡು ವರ್ಷ ಸುಮ್ಮನೇ ಇದ್ದರು. ಒಂದು ದಿನ ಕಛೇರಿ ಮುಗಿಸಿ ಕೊನೆ ಬಸ್ಸಿನಲ್ಲಿ ಹಾಸನಕ್ಕೆ ಬರುತ್ತಿದ್ದೆವು. ಮೃದಂಗವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಲೇ ಕೇಳಿದರು: ‘ಚರಣದಲ್ಲಿ ಎಲ್ಲಿಗೆ ಹೋಗಿದ್ಯಪ್ಪಾ, ಊಟಕ್ಕಾ?’ ನಾನು ನಕ್ಕೆ. ಅವರು ನಗಲಿಲ್ಲ. ‘ನಿನ್ನ ಕಮಾನಿನ ಮೇಲೆ ನಾನು ಕೈ ಇಟ್ಟುಕೊಂಡು ಹೋಗ್ತೀನಿ ಕಣಯ್ಯಾ. ಅದಿಲ್ಲ ಅಂದರೆ ಕತ್ತಲಲ್ಲಿ ಮೆಟ್ಟಿಲು ಇಳಿದ ಹಾಗೆ’ ಅಂದರು. ಅಷ್ಟೇ.

ನನಗೆ ನಾಚಿಕೆಯಾಗಬೇಕಿತ್ತು. ಸಿಟ್ಟು ಬಂತು. ಮುಂದಿನ ರಾಮನವಮಿಗೆ ಬೆರಳು ನೋವು ಅಂದೆ. ಅದೇ ಕೊನೆ. ಅವರು ಹೋಗಿಬಿಟ್ಟರು ಅಂತ ಸುದ್ದಿ ಬಂದ ದಿನ ಗೋದಾಮಿನಲ್ಲಿ ಮೂಟೆ ಎಣಿಸುತ್ತಿದ್ದೆ. ಎಣಿಕೆ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದೆ. ನೀವು ಹೇಳಿದ್ದು ಸರಿ ಅಂತ ಅವರಿಗೆ ಒಂದು ಮಾತು ಹೇಳಲಿಲ್ಲ.

ಮೂವರಿಗೂ ಗೊತ್ತಾಗಲಿಲ್ಲ ಅಂತ ಬರೆದಿದ್ದೀಯಲ್ಲ, ಹೇಗೆ ಗೊತ್ತು ನಿನಗೆ? ಕೇಳಿದೆಯಾ? ಸೆಲ್ಲೋ ಹುಡುಗ ಜಾಸ್ತಿ ಮಾತಾಡಲ್ಲ ಅಂತ ನೀನೇ ಬರೆದಿದ್ದೀಯ. ನನಗೆ ಅವನ ಮೇಲೆ ಅನುಮಾನ.

ಫೋನಿನ ರೆಕಾರ್ಡಿಂಗನ್ನು ನಂಬಬೇಡ. ಮೇಲಿನ ದನಿ ಎದ್ದು ಕೇಳುತ್ತದೆ, ನಡುವಿನದು ಅದರ ನೆರಳಲ್ಲಿ ಅಡಗುತ್ತದೆ. ಬೇಲೂರಿನ ಮದನಿಕೆಯರನ್ನು ಚಿಕ್ಕವಳಿದ್ದಾಗ ನಿನಗೆ ತೋರಿಸಿದ್ದೆ, ನೆನಪಿದೆಯಾ? ನೀನು ನನ್ನ ಹೆಗಲ ಮೇಲಿದ್ದೆ. ಗೈಡು ಕುಣಿಯುವವಳ ಬಳೆ, ಜಡೆ ಅಂತ ಉದ್ದಕ್ಕೆ ಹೇಳುತ್ತಿದ್ದ. ನೀನು ಅವಳ ಕಾಲಿನ ಹತ್ತಿರ ಬೆರಳು ತೋರಿಸಿ ‘ಡೋಲು’ ಅಂದೆ. ಅಲ್ಲಿ ಅಂಗೈ ಉದ್ದದ ಒಬ್ಬ ವಾದ್ಯದವನಿದ್ದ. ನಾನು ಅಷ್ಟು ಸಲ ಹೋಗಿದ್ದರೂ ಅವನನ್ನು ನೋಡಿರಲಿಲ್ಲ.

ನಿನ್ನೆ ಇನ್ನೊಂದು ವಿಷಯ ಓದಿದೆ. ಲಂಡನ್ನಿನ ಅಮೆಡಿಯಸ್ ಕ್ವಾರ್ಟೆಟ್ ಅಂತೆ, ನಿನಗೆ ಗೊತ್ತಿರುತ್ತದೆ. ಅದೇ ನಾಲ್ವರು ಸುಮಾರು 40 ವರ್ಷ ಒಟ್ಟಿಗೆ ನುಡಿಸಿದರು. 1987ರಲ್ಲಿ ಅವರ ವಯೋಲಾದವರು ಪೀಟರ್ ಶಿಡ್ಲೋಫ್ ತೀರಿಕೊಂಡರು. ಬೇರೊಬ್ಬರನ್ನು ತಂದು ಕೂರಿಸಬಹುದಿತ್ತು. ಉಳಿದ ಮೂವರು ಕ್ವಾರ್ಟೆಟ್ಟನ್ನೇ ನಿಲ್ಲಿಸಿಬಿಟ್ಟರು. ಇದನ್ನು ನಿಮ್ಮ ದೊಡ್ಡಮ್ಮನಿಗೆ ಓದಿ ಹೇಳಿದೆ. ‘ಪಾಪ’ ಅಂದು ಒಗ್ಗರಣೆಗೆ ಹೋದಳು.

ನನಗೆ ಪಾಠ ಹೇಳಿದವರು ರುದ್ರಪಟ್ಟಣದ ಕಡೆಯವರು. ಆ ಒಂದು ಹಳ್ಳಿಯಿಂದ ಆರ್.ಕೆ. ಶ್ರೀಕಂಠನ್ ಅವರಿಂದ ಹಿಡಿದು ಎಷ್ಟೊಂದು ಸಂಗೀತಗಾರರು ಬಂದರು! ಈಗ ಅಲ್ಲಿ ತಂಬೂರಿ ಆಕಾರದ ಗುಡಿ ಕಟ್ಟಿದ್ದಾರೆ. ಹೋದ ವರ್ಷ ಹೋಗಿದ್ದೆ. ಕಾವೇರಿ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತು ವಾಪಸ್ಸು ಬಂದೆ. ಯಾರಾದರೂ ‘ನೀವು ನುಡಿಸುತ್ತೀರಾ’ ಅಂತ ಕೇಳಿಬಿಟ್ಟರೆ ಅಂತ ಹೆದರಿಕೆ. ಮೇಷ್ಟ್ರು ನಮಗೆ ಪಿಟೀಲು ಚೌಡಯ್ಯನವರ ಕಥೆ ಹೇಳುತ್ತಿದ್ದರು. ಮೈಕಿಲ್ಲದ ಕಾಲ. ಹಿಂದೆ ಕೂತವರಿಗೂ ಮುಟ್ಟಬೇಕು ಅಂತ ಚೌಡಯ್ಯನವರು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿ ಮಾಡಿಕೊಂಡರು. ಕೇಳಿಸಲಿ ಅಂತ ಅವರು ಮೂರು ಸೇರಿಸಿದರು. ನಾನು ಇದ್ದ ನಾಲ್ಕನ್ನೂ ಬಿಟ್ಟೆ.

ನಿನಗೆ ಏನು ಮಾಡು ಅಂತ ಹೇಳಲಿ? ನೀನು ವಯೋಲಾವನ್ನು ಭುಜದ ಮೇಲೆ ಇಟ್ಟುಕೊಳ್ಳುತ್ತೀಯ, ನಾವು ಪಿಟೀಲಿನ ತಲೆಯನ್ನು ಪಾದಕ್ಕೆ ಊರುತ್ತೇವೆ. ನನಗೆ ನಿಮ್ಮ ನೊಟೇಶನ್ ಓದಲೂ ಬರಲ್ಲ. ಆದರೂ ಮನಸ್ಸು ತಡೆಯಲ್ಲ, ಬರೆದುಬಿಡುತ್ತೇನೆ. ಸರಿ ಕಾಣದಿದ್ದರೆ ಬಿಟ್ಟುಬಿಡು. ಆ ಎಂಟು ಬಾರ್‌ಗಳನ್ನು ನೀನೊಬ್ಬಳೇ ಕೂತು ಆಮೆಯ ಹಾಗೆ ನಿಧಾನವಾಗಿ ನುಡಿಸಿ ನೋಡು. ಕಷ್ಟಕ್ಕೆ ಬಿಟ್ಟೆಯೋ, ಬೇಜಾರಿಗೆ ಬಿಟ್ಟೆಯೋ ನಿನಗೇ ತಿಳಿಯುತ್ತದೆ. ಕಷ್ಟಕ್ಕೆ ಅಂತಾದರೆ ಅದಕ್ಕೆ ಮದ್ದಿದೆ. ಇನ್ನೊಂದು, ಅವರು ಮೂವರೇ ಒಂದು ಸಲ ನುಡಿಸಲಿ. ನೀನು ಕೋಣೆಯ ಮೂಲೆಯಲ್ಲಿ ಕೂತು ಕೇಳು. ನೀನಿಲ್ಲದ ಜಾಗ ಹೇಗಿದೆ ಅಂತ ತಿಳಿಯುತ್ತದೆ. ನಾನಿಲ್ಲದ ಜಾಗವನ್ನು ನಾನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಭುಜ ನೋಯುತ್ತಿದ್ದರೆ ಮಾತ್ರ ಹಟ ಮಾಡಬೇಡ. ವಯೋಲಾ ಪಿಟೀಲಿಗಿಂತ ದೊಡ್ಡದು, ನೀನು ಮೊದಲೇ ಸಣಕಲಿ.

ತಪ್ಪು ನುಡಿಸಿದರೂ ನನಗೆ ಬೇಸರವಿಲ್ಲ ಪುಟ್ಟಿ. ಅಪಸ್ವರ ಬಂದರೆ ಸೆಲ್ಲೋ ಹುಡುಗ ಮುಖ ಸಿಂಡರಿಸಲಿ. ಸುಮ್ನೆ ಆಡಿಸಬೇಡ.

ಇದನ್ನು ಬರೆಯುವ ಮೊದಲು ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿದೆ. ತಂತಿಗೆಲ್ಲ ತುಕ್ಕು. ಒಂದು ಬಿರಡೆ ತಿರುಗಲೇ ಇಲ್ಲ, ಕಮಾನಿಗೆ ಹಚ್ಚುವ ರಾಳ ಕಲ್ಲಾಗಿದೆ. ಇದ್ದ ಎರಡು ತಂತಿಯಲ್ಲೇ ನಿನ್ನ ವಯೋಲಾಕ್ಕೆ ಬರುವ ಆ ರಾಗದ ಎಳೆಯನ್ನು ಹುಡುಕಿದೆ. ಎರಡು ಸಾಲು ಬಂತು, ಬಾಗಿಲು ಕಿರುಗುಟ್ಟಿದ ಹಾಗೆ. ಅಡುಗೆಮನೆಯಿಂದ ನಿಮ್ಮ ದೊಡ್ಡಮ್ಮ ‘ಯಾರ್ರೀ ಅದು?’ ಅಂದಳು.

ಕಾಫಿಪುಡಿ ಕಳಿಸಿದ್ದೇನೆ, ಚಿಕೋರಿ ಹಾಕಿಸಿಲ್ಲ. ಸೆಲ್ಲೋ ಹುಡುಗನನ್ನು ಕೇಳಿ, ಅವನು ಏನಂದ ಅಂತ ಬರಿ.

ನಿನ್ನ
ದೊಡ್ಡಪ್ಪ