ಬೀದರ್ ಮದರಸಾದ ಮ್ಯಾಲಿರೋದು ಪೇಂಟ್ ಅಲ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ಬೀದರ್‌ನ ಮಹಮೂದ್ ಗವಾನ್ ಮದರಸಾ ಮುಂದ ನಿಂತಿದ್ದೆ, ಬಾಜೂಕ ಒಬ್ಬರು ತಮ್ಮ ಹುಡುಗಗ "ಐನೂರು ವರ್ಷ ಆದ್ರೂ ಪೇಂಟ್ ಹೆಂಗ ಉಳದದ ನೋಡು" ಅಂತ ತೋರಸ್ಲಿಕತ್ತಿದ್ರು. ಪೇಂಟ್ ಅಲ್ರಿ ಅದು, ಟೈಲ್ಸ್ ಅಂತ ಅಲ್ಲೇ ಹೇಳಿಬಿಟ್ಟೆ, ಯಾಕಂದ್ರ ಇಪ್ಪತ್ತು ವರ್ಷದಿಂದ ಟೈಲ್ಸ್ ಕೂಡಿಸೋದೇ ನನ್ನ ಕೆಲಸ.

1472ರಾಗ ಕಟ್ಟಿದ್ದು. ಬಹಮನಿ ಸುಲ್ತಾನರ ಮಂತ್ರಿ ಆಗಿದ್ದ ಗವಾನರು ಇರಾನಿನ ಗಿಲಾನ್ ಕಡಿಯವರು, ಗ್ವಾಡಿ ಮ್ಯಾಲಿನ ಕಸಬೂ ಆ ಕಡಿದೇ. ಒಂದೊಂದು ಬಣ್ಣಕ್ಕ ಒಂದೊಂದು ಹದದ ಬೆಂಕಿ ಬೇಕು, ಅದಕ್ಕ ನೀಲಿ ಹಲಗಿ ಬ್ಯಾರೆ, ಹಳದಿ ಬ್ಯಾರೆ, ಬಿಳಿ ಬ್ಯಾರೆ ಸುಟ್ಟು, ಆಮ್ಯಾಲೆ ನಕ್ಷೆಗೆ ತಕ್ಕಂಗ ಉಳಿಯಿಂದ ಕಡದು, ಅಂಚು ಉಜ್ಜಿ, ಒಂದರ ಪಕ್ಕ ಒಂದು ಕೂಡಿಸಿ ಗಚ್ಚಿನಾಗ ಕೂರಸ್ತಾರ. ನಮಗ ಕರೆಂಟ್ ಕಟರ್ ಇದ್ರೂ ಮೂಲ್ಯಾಗ ಚೂರು ಏಳತದ್ರೀ! ಉಳಿದಿರೋ ಮಿನಾರದ ಮ್ಯಾಲೆ ಅಂಕುಡೊಂಕು ಗೆರಿ ಅದಾವಲ್ಲ, ದುಂಡನ ಕಂಬದ ಮ್ಯಾಲೆ ಅವು ಒಂದು ಸುತ್ತು ಹಾಕಿ ಶುರು ಆದಲ್ಲೇ ಬಂದು ಕೂಡಬೇಕು, ಒಂದು ತುಂಡು ಒಂದು ನೂಲು ಹೆಚ್ಚಾದ್ರೂ ಕೊನಿಗೆ ಬಾಯಿ ಬಿಡತದ. ನಾನು ಎಷ್ಟು ಹೊತ್ತು ಕತ್ತು ಎತ್ತಿ ನೋಡಿದ್ನೋ ಗೊತ್ತಿಲ್ಲ.

ಇರಾನಿನ ಇಸ್ಫಹಾನ್‌ನಾಗ ದರ್ಬ್-ಎ-ಇಮಾಮ್ ದರ್ಗಾದ ಮ್ಯಾಲೂ ಟೈಲ್ಸ್ ನಕ್ಷೆ ಅದಾವು, ಅದು 1453ರದು, ಗವಾನರು ಬೀದರ್‌ಗೆ ಬಂದಿದ್ದೂ ಅದೇ ಸುಮಾರಿಗೆ. ಆ ದರ್ಗಾದಂಥ ನಕ್ಷೆಗಳ ಹಿಂದ ಬರೇ ಐದು ಆಕಾರ ಅದಾವು, ಐದರದ್ದೂ ಎಲ್ಲಾ ಬದಿ ಒಂದೇ ಅಳತಿ, ಹಂಗಾಗಿ ಯಾವುದರ ಪಕ್ಕ ಯಾವುದು ಇಟ್ರೂ ಕೂಡತದ ಅಂತ 2007ರಾಗ ವಿಜ್ಞಾನಿಗಳು ತೋರಿಸಿದ್ರು. ಸಾಲಿ ಹುಡುಗರಿಗೆ ಇದಕ್ಕಿಂತ ಚೊಲೊ ಗಣಿತದ ಪಾಠ ಎಲ್ಲಿ ಸಿಗತದ ಹೇಳ್ರಿ.

1696ರಾಗ ಮದ್ದು ಸಿಡಿದು ಒಂದು ಮಿನಾರ, ಮುಂದಿನ ಗ್ವಾಡೀದು ಒಂದು ಭಾಗ ಹೋದವು. ಉಳಿದ ಗ್ವಾಡೀದು ಕೆಳಗಿನ ಟೈಲ್ಸ್ ಬಹಳಷ್ಟು ಬಿದ್ದಾವ. ಇರೋದನ್ನರ ಜನ ತಿಳದು ನೋಡ್ಲಿ ಅಂದ್ರ, ಹೆಂಗ ಮಾಡಿದ್ರು ಅನ್ನೋದು ಕನ್ನಡದಾಗ ಚಿತ್ರ ಸಮೇತ ಒಂದು ಬೋರ್ಡ್ ಬೇಕು, ಅದರ ಬಾಜೂಕ ಹುಡುಗರು ಕೈಯಿಂದ ಕೂಡಿಸಿ ನೋಡ್ಲಿಕ್ಕೆ ಒಂದು ಮಾದರಿ ಹಲಗಿ. ಸಂಬಂಧಪಟ್ಟವರು ಮನಸ್ಸು ಮಾಡಿದ್ರ ಆ ಹಲಗಿಗೆ ತುಂಡು ಕಡದು ಕೊಡೋ ಕೆಲಸ ನಂದು, ಪುಕ್ಕಟೆ ಮಾಡಿಕೊಡ್ತೀನಿ.

- ಒಬ್ಬ ಟೈಲ್ಸ್ ಮೇಸ್ತ್ರಿ, ಕಲಬುರಗಿ