ವೈಫೈ ಹಿಡಿಯದ ಸ್ಮಾರ್ಟ್ ಟೀವಿ: ನಿಮಗೆ ಬರೆಯುತ್ತಿರುವ ಕೊನೆಯ ದೂರು

ಇಂದ,
ನಿವೃತ್ತ ಗಣಿತ ಶಿಕ್ಷಕಿ,
ಸಾಗರ, ಶಿವಮೊಗ್ಗ ಜಿಲ್ಲೆ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು
(ಅಂಥವರೊಬ್ಬರು ಇದ್ದಾರೆ ಎಂಬ ನಂಬಿಕೆಯಿಂದ)

ವಿಷಯ: ನಿಮ್ಮ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ 43 ಇಂಚಿನ ಟೀವಿಗೆ 5 ಗಿಗಾಹರ್ಟ್ಸ್ ವೈಫೈ ಕಾಣದಿರುವ ಬಗ್ಗೆ.

ಮಾನ್ಯರೇ,

ಮರ್ಯಾದೆಯಿಂದಲೇ ಬರೆಯಬೇಕು ಅಂತ ನಮ್ಮ ಯಜಮಾನರು ಹೇಳಿದ್ದಾರೆ. ಪ್ರಯತ್ನ ಮಾಡುತ್ತೇನೆ.

ಟೀವಿಯ ಮಾದರಿ, ಸೀರಿಯಲ್ ನಂಬರ್, ಅಂಗಡಿಯ ಬಿಲ್ಲು, ವಾರಂಟಿ ಕಾರ್ಡು ಎಲ್ಲದರ ಜೆರಾಕ್ಸ್ ಜೊತೆಗಿದೆ. ನೀವು ಕೊಟ್ಟ ದೂರು ಸಂಖ್ಯೆಗಳನ್ನು ಬರೆಯಲು ಬೇರೆ ಹಾಳೆಯೇ ಬೇಕಾಯಿತು. ನಾನು ಫೋನ್ ಮಾಡಿದಾಗಲೆಲ್ಲ ಹಳೆಯ ದೂರು ಕ್ಲೋಸ್ ಆಗಿರುತ್ತದೆ, ಹೊಸದೊಂದು ಹುಟ್ಟುತ್ತದೆ. ಟೀವಿ ಮಾತ್ರ ಇದ್ದ ಹಾಗೇ ಇರುತ್ತದೆ.

ತಂದ ಹೊಸದರಲ್ಲಿ ಟೀವಿ ಚೆನ್ನಾಗಿಯೇ ಇತ್ತು. ಇಲ್ಲ ಅನ್ನುವುದಿಲ್ಲ. ರೂಟರ್ ಅದೇ ಹಾಲ್‌ನಲ್ಲಿದೆ. ಟೀವಿಯಿಂದ ಆರಡಿ ದೂರ, ನಡುವೆ ಗೋಡೆ ಇಲ್ಲ. ರೂಟರಿನಲ್ಲಿ 2.4 ಮತ್ತು 5 ಅಂತ ಎರಡು ವೈಫೈ, ಟೀವಿ ಐದಕ್ಕೆ ಕನೆಕ್ಟ್ ಆಗಿತ್ತು. ಯಜಮಾನರಿಗೆ ಮಂಡಿ ಆಪರೇಷನ್ ಆದ ಮೇಲೆ ರಾತ್ರಿಯೆಲ್ಲ ಕೂತು ಆಟ ನೋಡಲು ಆಗುವುದಿಲ್ಲ. ಯೂಟ್ಯೂಬ್‌ನಲ್ಲಿ ಯಕ್ಷಗಾನ ನೋಡಲಿ ಅಂತಲೇ ಈ ಟೀವಿ ತಂದದ್ದು. ಒಂದು ರಾತ್ರಿ ಪರದೆಯ ಮೇಲೆ ನಿಮ್ಮದೇ ಸಂದೇಶ ಬಂತು. ಹೊಸ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗುತ್ತಿದೆ, ಟೀವಿ ಆಫ್ ಮಾಡಬೇಡಿ ಅಂತ. ಮಾಡಲಿಲ್ಲ. ಬೆಳಿಗ್ಗೆ ನೋಡಿದರೆ ವೈಫೈ ಪಟ್ಟಿಯಲ್ಲಿ ಐದರ ಹೆಸರೇ ಇಲ್ಲ.

2.4 ಇದೆಯಲ್ಲ ಅಂತ ನಿಮ್ಮವರು ಹೇಳುತ್ತಾರೆ. ಇದೆ. ಅದು ನಮ್ಮ ಬೀದಿಯ ಎಲ್ಲರದ್ದೂ ಇದೆ. ಆ ಬ್ಯಾಂಡಿನಲ್ಲಿ ಒಂದಕ್ಕೊಂದು ತಾಗದ ಚಾನೆಲ್ (ಟೀವಿಯದ್ದಲ್ಲ, ವೈಫೈ ಓಡುವ ದಾರಿ) ಅಂತ ಸಿಗುವುದು 1, 6, 11 ಮೂರೇ. ಅಷ್ಟರಲ್ಲೇ ಅಕ್ಕಪಕ್ಕದ ಮನೆಗಳ ರೂಟರ್, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲ ಸಂಸಾರ ಮಾಡಬೇಕು. ಅಪ್‌ಡೇಟ್ ಆದಾಗಿನಿಂದ ನಿಮ್ಮ ಟೀವಿ ಅದನ್ನೂ ಸರಿಯಾಗಿ ಹಿಡಿಯುವುದಿಲ್ಲ. ‘ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ’ ಅನ್ನುತ್ತದೆ. ಚೆಂಡೆ ಏರುತ್ತಿದ್ದಂತೆ, ವೇಷ ಇನ್ನೇನು ರಂಗಕ್ಕೆ ಬರಬೇಕು ಅನ್ನುವಾಗ, ಪರದೆಯ ನಡುವೆ ಆ ಚಕ್ರ ತಿರುಗಲು ಶುರುವಾಗುತ್ತದೆ. ಭಾಗವತರು ಬಾಯಿ ತೆರೆದವರು ತೆರೆದ ಹಾಗೇ ಇರುತ್ತಾರೆ. ಯಜಮಾನರು ರಿಮೋಟ್ ಹಿಡಿದುಕೊಂಡು ನನ್ನ ಮುಖ ನೋಡುತ್ತಾರೆ.

ತಪ್ಪು ನಮ್ಮ ರೂಟರಿನದ್ದೇ ಇರಬಹುದು ಅಂತ ಮೊದಲು ಫೈಬರ್ ಹುಡುಗನನ್ನು ಕರೆಸಿದೆ. ಕರೆದ ದಿನವೇ ಬಂದ, ಮಳೆಯಲ್ಲಿ. (ಇದನ್ನು ಬೇಕೆಂದೇ ಬರೆದಿದ್ದೇನೆ.) ಎರಡು ವೈಫೈಗೂ ಬೇರೆ ಬೇರೆ ಹೆಸರು ಕೊಟ್ಟ. ಐದನ್ನು 36ನೇ ಚಾನೆಲ್‌ಗೆ ಹಾಕಿ ನೋಡಿದ, 149ಕ್ಕೆ ಹಾಕಿ ನೋಡಿದ. ವೈಫೈಯ ಭದ್ರತೆ ಡಬ್ಲ್ಯುಪಿಎ 3 ಇದ್ದದ್ದನ್ನು 2 ಮಾಡಿದ. ನನ್ನ ಫೋನಿಗೆ, ಅವನ ಫೋನಿಗೆ, ಮೇಲಿನ ಮನೆಯವರ ಲ್ಯಾಪ್‌ಟಾಪಿಗೆ ಎಲ್ಲಕ್ಕೂ ಐದು ಕಾಣುತ್ತದೆ. ನಿಮ್ಮ ಟೀವಿಗೆ ಮಾತ್ರ ಇಲ್ಲ. ಟೀವಿಯನ್ನು ಫ್ಯಾಕ್ಟರಿ ರೀಸೆಟ್ ಮಾಡಿದ್ದೂ ಆಯಿತು. ಆಮೇಲೆ ಒಂದೊಂದು ಆ್ಯಪ್‌ಗೂ ರಿಮೋಟಿನ ಬಾಣ ಒತ್ತಿ ಒತ್ತಿ ಇಮೇಲ್ ಬರೆದವಳು ನಾನು. ಕೊನೆಗೆ ಅವನು ರೂಟರಿನಿಂದ ಲ್ಯಾನ್ ಕೇಬಲ್ ಎಳೆದು ಟೀವಿಗೆ ಚುಚ್ಚಿದ. ತಕ್ಷಣ ಎಲ್ಲ ಸರಾಗವಾಗಿ ಓಡಿತು. ಅಂದರೆ ಇಂಟರ್ನೆಟ್ ಸರಿ, ರೂಟರ್ ಸರಿ, ಟೀವಿಯ ಉಳಿದ ಭಾಗವೂ ಸರಿ. ಉಳಿದದ್ದು ಟೀವಿಯ ವೈಫೈ, ಮತ್ತೆ ಅದರ ಮೇಲೆ ನೀವು ತಂದು ಸುರಿದ ಸಾಫ್ಟ್‌ವೇರ್. ಎಂಟನೇ ಕ್ಲಾಸಿನ ಮಕ್ಕಳೂ ಇಷ್ಟು ತರ್ಕ ಮಾಡುತ್ತಾರೆ.

ಇದನ್ನೇ ಹೇಳಲು ನಿಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಕರೆಯ ವಿಷಯ ವಿವರವಾಗಿ ಬರೆಯಲೇಬೇಕು. ಗುಣಮಟ್ಟಕ್ಕಾಗಿ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ ಅಂತ ನೀವೇ ಹೇಳಿದ್ದರಿಂದ, ನಾನು ಬರೆದದ್ದನ್ನು ನೀವು ಕೇಳಿ ತಾಳೆ ನೋಡಬಹುದು.

ಫೋನ್ ಸ್ಪೀಕರಿನಲ್ಲಿತ್ತು. ಒಂದು ಕೈಯಲ್ಲಿ ರಿಮೋಟ್ ಇರಬೇಕು ಅಂತ ನಿಮ್ಮ ಹುಡುಗನೇ ಹೇಳಿದ್ದ. ಮನೆಗೆ ಬಂದಿದ್ದ ಇಬ್ಬರು ಹಳೆಯ ಸಹೋದ್ಯೋಗಿಗಳು ಸೋಫಾದ ಮೇಲೆ ಕೂತಿದ್ದರು. ‘ಐದರ ಹೆಸರೇ ಪಟ್ಟಿಯಲ್ಲಿ ಬರುತ್ತಿಲ್ಲ’ ಅಂದೆ. ಅವನು, ‘ಪಾಸ್‌ವರ್ಡ್ ತಪ್ಪಿರಬೇಕು ಮೇಡಂ’ ಅಂದ. ಹೆಸರೇ ಬರದಿದ್ದರೆ ಪಾಸ್‌ವರ್ಡ್ ಎಲ್ಲಿ ಹಾಕುವುದು ಅಂತ ಕೇಳಿದೆ. ‘ಪಾಸ್‌ವರ್ಡ್ ಹೇಳಿ ಮೇಡಂ, ಚೆಕ್ ಮಾಡ್ತೀನಿ’ ಅಂದ. ಬಾಗಿಲೇ ಇಲ್ಲದ ಗೋಡೆಯ ಮುಂದೆ ನಿಲ್ಲಿಸಿ ಕೀಲಿಕೈ ತೋರಿಸಿ ಅಂದ ಹಾಗಾಯಿತು. ಹೇಳಲ್ಲ ಅಂದೆ. ‘ಹೇಳದಿದ್ದರೆ ಮುಂದಿನ ಸ್ಟೆಪ್ ಬರಲ್ಲ ಮೇಡಂ’ ಅಂದ.

ಆ ಪಾಸ್‌ವರ್ಡನ್ನು ಈಗ ಬದಲಾಯಿಸಿದ್ದೇವೆ, ಹಾಗಾಗಿ ಬರೆಯಲು ಅಡ್ಡಿಯಿಲ್ಲ. ರೂಟರ್ ಹಾಕಿದ ದಿನ ಮೊಮ್ಮಗ ರಜೆಗೆ ಬಂದಿದ್ದ. ಅವನಿಟ್ಟದ್ದು ‘ಅಜ್ಜಿ ಮುಟ್ಟಬೇಡ’. ಅದೂ ಇಂಗ್ಲಿಷ್ ಅಕ್ಷರದಲ್ಲಿ.

‘ಎ’ ಅಂದೆ. ‘ಕ್ಯಾಪಿಟಲ್ಲಾ ಸ್ಮಾಲಾ?’ ಸ್ಮಾಲ್. ‘ಎ ಫಾರ್ ಆಪಲ್?’ ಹೌದು, ಎ ಫಾರ್ ಆಪಲ್. ಆಮೇಲೆ ಜೆ. ‘ಜಿ ನಾ?’ ಜಿ ಅಲ್ಲ ಮಾರಾಯ, ಜೆ. ಜೆ ಫಾರ್ ಜಗ್. ಇನ್ನೊಂದು ಜೆ. ‘ಅದು ಹೇಳಿದ್ರಲ್ಲ ಮೇಡಂ.’ ಹೇಳಿದೆ, ಅದು ಎರಡು ಸಲ ಬರುತ್ತದೆ. ಹೀಗೆ ಐ, ಎಂ, ಯು ದಾಟಿ ಟಿಗೆ ಬಂದರೆ ಅವನಿಗೆ ಅದು ಡಿ ಅಂತ ಕೇಳಿಸಿತು. ಟಿ ಫಾರ್ ಟೀಚರ್ ಅಂದೆ. ಬಿಗೆ ಬಂದಾಗ ಅವನಿಗೆ ಲೆಕ್ಕ ತಪ್ಪಿತು. ‘ಮೊದಲಿಂದ ಹೇಳ್ತೀರಾ ಅಮ್ಮಾ?’ ಅಂದ. ಅಷ್ಟು ಹೊತ್ತು ಮೇಡಂ ಆಗಿದ್ದವಳು ಅಲ್ಲಿಂದ ಮುಂದೆ ಅಮ್ಮ ಆದೆ. ಮೊದಲಿಂದ ಹೇಳಿದೆ. ಈ ಸಲ ಅವನು ಬರೆದುಕೊಂಡದ್ದನ್ನು ಜೋರಾಗಿ ಓದಿದ. ‘ಅಜ್ಜಿ… ಮುಟ್ಟ… ಬೇಡ.’ ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ನಕ್ಕ. ಅವನ ಪಕ್ಕದಲ್ಲಿ ಕೂತವರು ಯಾರೋ ನಕ್ಕಿದ್ದೂ ಕೇಳಿಸಿತು. ‘ಕರೆಕ್ಟಾಗೇ ಇದೆ ಅಮ್ಮಾ. ಹಾಗಾದ್ರೆ ನೀವು ಮುಟ್ಟಬೇಡಿ. ಮನೇಲಿ ಯಾರಾದ್ರೂ ಗೊತ್ತಿರೋರು ಇದ್ರೆ ಫೋನ್ ಕೊಡಿ’ ಅಂದ. ಸೋಫಾದ ಮೇಲಿದ್ದವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಗೊತ್ತಿರುವವಳು ನಾನೇ ಅಂದೆ. ನಿಮ್ಮ ಪೆಟ್ಟಿಗೆಯ ಮೇಲಿದ್ದದ್ದನ್ನೇ ಓದಿ ಹೇಳಿದೆ. ‘ನೋಡಪ್ಪ, ಡ್ಯುಯಲ್ ಬ್ಯಾಂಡ್ ವೈಫೈ, 802.11 ಎಸಿ ಅಂತ ನೀವೇ ಪ್ರಿಂಟ್ ಮಾಡಿದ್ದೀರಿ. ಆ ಎಸಿ ಅನ್ನುವ ವೈಫೈ ಇರುವುದೇ 5 ಗಿಗಾಹರ್ಟ್ಸ್‌ನಲ್ಲಿ, 2.4ರಲ್ಲಿ ಅದು ಇಲ್ಲವೇ ಇಲ್ಲ. ನನ್ನ ಟೀವಿಯಲ್ಲಿ ಎಸಿ ಕೆಲಸ ಮಾಡುತ್ತಿಲ್ಲ.’ ಅವನು, ‘ಓ, ಎಸಿ ಪ್ರಾಬ್ಲಮ್ಮಾ? ಮೊದಲೇ ಹೇಳಬಾರದಾ ಅಮ್ಮಾ’ ಅಂದ. ಲೈನು ಬೇರೆ ಕಡೆ ಹೋಯಿತು. ತುಂಬಾ ಹೊತ್ತು ಸಂಗೀತ ಬಂತು. ಆಮೇಲೆ ಒಬ್ಬಳು ಹುಡುಗಿ ಬಂದು ಬಹಳ ವಿನಯದಿಂದ ಕೇಳಿದಳು. ‘ಒಂದು ಟನ್ನಾ, ಒಂದೂವರೆ ಟನ್ನಾ ಮೇಡಂ? ಕೂಲಿಂಗ್ ಬರ್ತಾ ಇಲ್ವಾ?’

ಸಾಗರದ ಮಳೆಗಾಲದಲ್ಲಿ ನನಗೆ ಕೂಲಿಂಗ್ ಕಡಿಮೆಯಾಗಿರಲಿಲ್ಲ.

ಫೋನ್ ಇಟ್ಟ ಮೇಲೆ ಮೆಸೇಜ್ ಬಂತು. ನಿಮ್ಮ ಸಮಸ್ಯೆ ಪರಿಹಾರವಾಗಿದೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಅಂತ.

ನಿಮ್ಮ ವೆಬ್‌ಸೈಟಿನ ಸುರಕ್ಷತೆಯ ಪುಟದಲ್ಲಿ ಏನಿದೆ ಅಂತ ನಿಮಗೆ ಗೊತ್ತೇ ಇರುತ್ತದೆ. ನಮ್ಮ ಸಿಬ್ಬಂದಿ ಯಾವ ಕಾರಣಕ್ಕೂ ಗ್ರಾಹಕರ ಪಾಸ್‌ವರ್ಡ್ ಕೇಳುವುದಿಲ್ಲ ಅಂತ ದಪ್ಪ ಅಕ್ಷರದಲ್ಲೇ ಇದೆ. ಬರೆದವರು ನೀವು, ಓದಿದವಳು ನಾನೊಬ್ಬಳೇ ಅಂತ ಕಾಣುತ್ತದೆ.

ಟೆಕ್ನಿಶಿಯನ್ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಶಿವಮೊಗ್ಗದಿಂದ ಬಂದ. ಬಂದವನು ಟೀವಿ ಮುಟ್ಟಲಿಲ್ಲ, ರೂಟರ್ ನೋಡಿದ. ‘ಈ ಚಾನೆಲ್ ಎಲ್ಲ ಇಂಡಿಯಾದಲ್ಲಿ ಓಡಲ್ಲ ಆಂಟಿ, ಹೊಸ ರೂಟರ್ ತಗೊಳ್ಳಿ’ ಅಂದ. 36, 149 ಎರಡನ್ನೂ ಸೇರಿಸಿ 5 ಗಿಗಾಹರ್ಟ್ಸ್ ಬ್ಯಾಂಡುಗಳನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು ಅಂತ ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ಮೇಲಾಗಿ ಇದೇ ರೂಟರಿನಲ್ಲಿ ಇದೇ ಟೀವಿ ಓಡುತ್ತಿತ್ತು. ಅದನ್ನು ಹೇಳಿದ್ದಕ್ಕೆ, ‘ಸಾಫ್ಟ್‌ವೇರ್ ವಾರಂಟಿಯಲ್ಲಿ ಬರಲ್ಲ’ ಅಂದ. ಹಳೆಯ ಸಾಫ್ಟ್‌ವೇರನ್ನೇ ವಾಪಸ್ ಹಾಕು ಅಂದರೆ, ‘ಆಪ್ಷನ್ ಇಲ್ಲ’ ಅಂದ. ಅಪ್‌ಡೇಟ್ ಕಳಿಸಿದ್ದು ನೀವು. ಕೇಳದೆ ಕಳಿಸಿದ್ದೂ ನೀವು. ಕೆಟ್ಟ ಮೇಲೆ ಅದು ನಮ್ಮದಾಗುವುದು ಹೇಗೆ ಅಂತ ನನಗೆ ಇನ್ನೂ ಹೊಳೆದಿಲ್ಲ. ಕೊನೆಗೆ ಅವನು ಕೊಟ್ಟ ಪರಿಹಾರ, ಲ್ಯಾನ್ ಕೇಬಲ್ ಹೇಗೂ ಇದೆ, ಅದನ್ನೇ ಇಟ್ಟುಕೊಳ್ಳಿ ಅನ್ನುವುದು. ಮಂಡಿ ಆಪರೇಷನ್ ಆದವರು ಊರುಗೋಲು ಹಿಡಿದು ಓಡಾಡುವ ಹಾಲ್‌ನಲ್ಲಿ, ನೆಲದ ಮೇಲೆ ಅಡ್ಡಲಾಗಿ ಕೇಬಲ್.

ನಾನು ಒಳಗೆ ಕಾಫಿ ಮಾಡುತ್ತಿದ್ದೆ. ಅವನಿಗೇ. ಅಷ್ಟರಲ್ಲಿ ಅವನು ಯಜಮಾನರ ಹತ್ತಿರ, ‘ಅಂಕಲ್, ಫೋನಿಗೆ ಒಂದು ನಂಬರ್ ಬಂದಿದೆ, ಹೇಳಿ’ ಅಂದು ನಿಮ್ಮ ಹ್ಯಾಪಿ ಕೋಡ್ ಇಸಿದುಕೊಂಡು ದೂರು ಮುಚ್ಚಿಬಿಟ್ಟ. ಕಾಫಿ ಕುಡಿದೇ ಹೋದ. ಗ್ರಾಹಕರಿಗೆ ಪೂರ್ತಿ ತೃಪ್ತಿಯಾದ ಮೇಲಷ್ಟೇ ಆ ಕೋಡ್ ಕೇಳಬೇಕು ಅಂತ ಆ ಮೆಸೇಜಿನಲ್ಲೇ ಇದೆ. ನಿಮ್ಮ ನಿಯಮ ನಿಮಗೆ ನಾನು ಕಲಿಸಬೇಕಾ?

ಪೆಟ್ಟಿಗೆಯ ಮೇಲಿದ್ದ ಇಮೇಲ್ ವಿಳಾಸಕ್ಕೂ ಬರೆದೆ. ಮೇಲ್‌ಬಾಕ್ಸ್ ತುಂಬಿದೆ ಅಂತ ವಾಪಸ್ ಬಂತು. ದೂರು ಕೊಡಲು ಫೋನ್, ಇಮೇಲ್ ಪೊಟ್ಟಣದ ಮೇಲೆ ಹಾಕಲೇಬೇಕು ಅಂತ 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಹಾಕಿದ್ದೀರಿ. ತೆರೆದು ನೋಡಬೇಕು ಅಂತ ಪಾಪ ಅದರಲ್ಲಿ ಬರೆದಿಲ್ಲ ಅಂತ ಕಾಣುತ್ತದೆ.

ನಿಮ್ಮ ವಾರಂಟಿ ಕಾರ್ಡಿನ 7ನೇ ಕಲಮು ನಿಮಗೆ ಬಾಯಿಪಾಠ ಇರುತ್ತದೆ. ಹಾಗಾಗಿ ಅದರ ಪ್ರಕಾರ ಸಿಗಬೇಕಾದದ್ದನ್ನು ಚುಟುಕಾಗಿ ಕೇಳುತ್ತೇನೆ. ವೈಫೈ ಭಾಗವನ್ನೋ ಮೇನ್ ಬೋರ್ಡನ್ನೋ ಬದಲಾಯಿಸಿ ಕೊಡಿ. ಇಲ್ಲವಾದರೆ ಬೇರೆ ಟೀವಿ ಕೊಡಿ. ಅದೂ ಆಗದಿದ್ದರೆ ದುಡ್ಡು ವಾಪಸ್ ಕೊಡಿ. ಬರುವವನು ರೂಟರ್ ಮುಟ್ಟುವ ಹಾಗಿಲ್ಲ. ಕಾಫಿ ಇಲ್ಲ.

ನಿಜ ಹೇಳಬೇಕೆಂದರೆ, ನೀವು ನಾಳೆಯೇ ಹೊಸ ಟೀವಿ ಕಳಿಸಿಬಿಟ್ಟರೆ ನನಗೆ ಸ್ವಲ್ಪ ಬೇಜಾರೇ ಆಗುತ್ತದೆ. ತಯಾರಿ ಅಷ್ಟು ಮಾಡಿಕೊಂಡಿದ್ದೇನೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ನಂಬರಿಗೆ ಫೋನ್ ಮಾಡಿ ದೂರು ದಾಖಲಾಗಿದೆ. ಮುಂದಿನದು ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಿಮ್ಮ ಹೆಡ್ ಆಫೀಸ್ ಎಲ್ಲಿದೆ ಅಂತ ಹುಡುಕಿಕೊಂಡು ನಾನು ಬರಬೇಕಾಗಿಲ್ಲ. ನಾನಿರುವ ಜಿಲ್ಲೆಗೆ ನೀವು ಬರಬೇಕು. ಐದು ಲಕ್ಷದವರೆಗಿನ ಸರಕಿಗೆ ಅಲ್ಲಿ ಶುಲ್ಕವೇ ಇಲ್ಲ. ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ, ನಾನೇ ವಾದ ಮಾಡುತ್ತೇನೆ. ಕರಿಹಲಗೆ ಮುಂದೆ ನಿಂತು ಮಾತಾಡಿಯೇ ಪೆನ್ಷನ್ ತಗೊಳ್ಳುತ್ತಿರುವವಳು. ನೋಟಿಸು ಕೈಗೆ ಬಂದ ಮೇಲೆ ಉತ್ತರ ಕೊಡಲು ನಿಮಗೆ 30 ದಿನ ಸಿಗುತ್ತದೆ, ಆಯೋಗ ಒಪ್ಪಿದರೆ ಇನ್ನು 15. ಅದಕ್ಕಿಂತ ಒಂದು ದಿನವೂ ಜಾಸ್ತಿ ಕೊಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಅಲ್ಲಿ ಸಂಗೀತ ಹಾಕಿ ಕಾಯಿಸಲು ಆಗುವುದಿಲ್ಲ.

ಆಯೋಗದ ಮುಂದೆ ನಾನು ಮೊದಲು ಕೇಳುವುದು ಆ ಕರೆಯ ರೆಕಾರ್ಡಿಂಗ್. ಎಲ್ಲರ ಎದುರು ಪೂರ್ತಿ ಹಾಕಿಸುತ್ತೇನೆ, ಎ ಫಾರ್ ಆಪಲ್‌ನಿಂದ ಒಂದೂವರೆ ಟನ್ನಿನ ತನಕ. ಸೋಫಾದ ಮೇಲಿದ್ದ ಇಬ್ಬರೂ ಸಾಕ್ಷಿ ಹೇಳಲು ಒಪ್ಪಿದ್ದಾರೆ. ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಹಬ್ಬಕ್ಕೆ ಟೀವಿ ತಗೊಳ್ಳಬೇಕು ಅಂತಿದ್ದವರಿಗೆ ಈ ಪತ್ರ ಈಗಾಗಲೇ ಹೋಗಿದೆ. ಅವರ ತೀರ್ಪಿಗೆ 45 ದಿನ ಬೇಕಾಗಲಿಲ್ಲ.

ಇತಿ,
ನಿಮ್ಮ ಗ್ರಾಹಕಿ

ವಿ.ಸೂ.: ಈ ಪತ್ರ ತಲುಪಿದ ಮೇಲೆ ‘ನಿಮ್ಮ ಸಮಸ್ಯೆ ಪರಿಹಾರವಾಗಿದೆ’ ಅಂತ ಮತ್ತೆ ಮೆಸೇಜ್ ಬಂದರೆ, ಅದನ್ನೂ ಪ್ರಿಂಟ್ ತೆಗೆದು ದೂರಿಗೆ ಲಗತ್ತಿಸುತ್ತೇನೆ. ಪರಿಹಾರದ ಮೊತ್ತವನ್ನೂ ಅದಕ್ಕೆ ತಕ್ಕ ಹಾಗೆ ಏರಿಸುತ್ತೇನೆ.